ಒಂದೇ ಹೆಸರಿನ ಎರಡು ಸರ್ವರ್‌ಗಳು

ನಮ್ಮ ಇಂಜಿನಿಯರಿಂಗ್ ಕ್ಲಾಸಿನಲ್ಲಿ ಮೂವರು ಮಂಜುನಾಥರಿದ್ರು. ಇನಿಶಿಯಲ್ಲು, ಊರಿನ ಹೆಸರು ಸೇರಿಸಿ ಹೇಗೋ ನಿಭಾಯಿಸ್ತಿದ್ವಿ. ಕಂಪ್ಯೂಟರಿಗೆ ಈ ಜಾಣತನ ಇಲ್ಲ. ‘ಇದೇ ಹೆಸರಿನ ಇನ್ನೊಂದು ಯಂತ್ರ ನೆಟ್‌ವರ್ಕಿನಲ್ಲಿದೆ’ ಅಂತ ವಿಂಡೋಸ್ ಕೊಡುವ ಎರರ್ 52ರ ಹುಟ್ಟು ಗೊತ್ತಿದ್ದರೆ ಅರ್ಧ ರಾತ್ರಿಯ ನಿದ್ದೆ ಉಳಿಯುತ್ತೆ.

ಅರ್ಪಾನೆಟ್ ಕಾಲದಲ್ಲಿ ಹೆಸರು ದಾಖಲಿಸೋಕೆ ಒಂದು ಕಚೇರಿಯೇ ಇತ್ತು. ಕ್ಯಾಲಿಫೋರ್ನಿಯಾದ ಎಸ್‌ಆರ್‌ಐ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಎಲ್ಲ ಹೆಸರುಗಳನ್ನೂ ಒಂದೇ ಫೈಲಿನಲ್ಲಿ ಬರೆದಿಡುತ್ತಿತ್ತು. ಯಂತ್ರಗಳು ಹೆಚ್ಚಾಗಿ ಅದು ಸಾಲದಾದಾಗ, 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಡಿಎನ್‌ಎಸ್ ರೂಪಿಸಿದರು.

ಅದೇ 1983ರಲ್ಲಿ ಸೈಟೆಕ್ ಕಂಪನಿ ಐಬಿಎಂಗಾಗಿ ನೆಟ್‌ಬಯಾಸ್ ಮಾಡಿತು. ಇದರ ದಾರಿಯೇ ಬೇರೆ. ಕಚೇರಿಯೂ ಇಲ್ಲ, ಪಟ್ಟಿಯೂ ಇಲ್ಲ. ಯಂತ್ರ ಎದ್ದ ಕೂಡಲೇ ‘ನನ್ನ ಹೆಸರು ಇಂಥದ್ದು, ಯಾರದ್ದಾದ್ರೂ ತಕರಾರಿದ್ಯಾ?’ ಅಂತ ಕೂಗುತ್ತೆ. ಉತ್ತರ ಬರದಿದ್ದರೆ ಹೆಸರು ಅದರದ್ದೇ. ಒಂದು ರೂಮಿನ ಹತ್ತಾರು ಪಿಸಿಗಳಿಗೆ ಸೊಗಸಾದ ಏರ್ಪಾಡು! ಆದರೆ ಈ ಕೂಗು ಸಾಮಾನ್ಯವಾಗಿ ರೌಟರ್ ದಾಟೋದಿಲ್ಲ. ಬೇರೆ ಬೇರೆ ಸಬ್‌ನೆಟ್‌ನಲ್ಲಿ ಒಂದೇ ಹೆಸರಿನ ಇಬ್ಬರು ವರ್ಷಗಟ್ಟಲೆ ನೆಮ್ಮದಿಯಾಗಿ ಬದುಕಬಹುದು, ಯಾರೋ ಒಂದನ್ನು ಎತ್ತಿ ಇನ್ನೊಂದರ ಪಕ್ಕ ಇಡುವ ತನಕ. 1994ರಲ್ಲಿ ಎನ್‌ಟಿ 3.5 ಜೊತೆ ಬಂದ ವಿನ್ಸ್, ಮತ್ತೆ ಪಟ್ಟಿಯ ಪದ್ಧತಿಗೇ ಮರಳಿತು.

ಇನ್ನೊಂದು ಕಾಟ ಇದೆ. ಹೆಸರಿಗೆ 16 ಬೈಟ್, ಅದರಲ್ಲಿ ಕೊನೆಯದು ಸೇವೆಯ ಗುರುತಿಗೆ ಮೀಸಲು. ಉಳಿದದ್ದು 15. ಉದ್ದದ ಹೆಸರಿಟ್ಟು ಕೊನೆಯಲ್ಲಿ ಮಾತ್ರ 1, 2 ಅಂತ ಹಾಕಿದಿರೋ, ಬಾಲ ಕತ್ತರಿಸಿಹೋಗಿ ಎರಡೂ ಒಂದೇ!

ಜಗಳ ನಿಜವೇ ಆಗಿದ್ದರೆ ಪತ್ತೆ ಸುಲಭ. ‘ಎನ್‌ಬಿಟಿಸ್ಟಾಟ್ -ಎನ್’ ಕೊಟ್ಟರೆ ಹೆಸರಿನ ಎದುರು ‘ಕಾನ್‌ಫ್ಲಿಕ್ಟ್’ ಅಂತ ಕಾಣುತ್ತೆ. ಇವೆಂಟ್ ಲಾಗಿನ 4319ರ ಡೇಟಾ ಭಾಗದಲ್ಲಿ ಎದುರಾಳಿಯ ಐಪಿ ಹೆಕ್ಸಾಡೆಸಿಮಲ್‌ನಲ್ಲಿ ಅಡಗಿರುತ್ತೆ. ಕೆಲವೊಮ್ಮೆ ಅದು ಅದೇ ಸರ್ವರಿನ ಎರಡನೇ ನೆಟ್‌ವರ್ಕ್ ಕಾರ್ಡ್! ಎರಡನ್ನೂ ಒಂದೇ ಸಬ್‌ನೆಟ್‌ಗೆ ಚುಚ್ಚಿದರೆ ಪಾಪ ತನ್ನ ಜೊತೆ ತಾನೇ ಜಗಳಕ್ಕೆ ನಿಲ್ಲುತ್ತೆ.

ನಿದ್ದೆಗೆಡಿಸುವುದು ಇನ್ನೊಂದು ಥರದ್ದು. ಶನಿವಾರ ಹಳೇ ಫೈಲ್ ಸರ್ವರ್ ತೆಗೆದು ವಿಂಡೋಸ್ 2003ರ ಹೊಸದನ್ನು ಕೂರಿಸ್ತಾರೆ, ಹಳೇ ಹೆಸರನ್ನು ಡಿಎನ್‌ಎಸ್‌ನಲ್ಲಿ ಅದಕ್ಕೆ ಅಡ್ಡಹೆಸರಾಗಿ ಕೊಡ್ತಾರೆ. ಸೋಮವಾರ ಎಲ್ಲರಿಗೂ ಎರರ್ 52. ಇಲ್ಲದ ಕಳ್ಳನಿಗಾಗಿ ರ‍್ಯಾಕ್ ರ‍್ಯಾಕ್ ಹುಡುಕಾಟ. ಅಸಲಿಗೆ ಎರಡನೇ ಯಂತ್ರವೇ ಇಲ್ಲ. ತನ್ನದಲ್ಲದ ಹೆಸರಿನಿಂದ ಕರೆದರೆ ಆ ಸರ್ವರ್ ಓಗೊಡೋದಿಲ್ಲ, ಅಷ್ಟೆ. ರಿಜಿಸ್ಟ್ರಿಯಲ್ಲಿ ‘ಲ್ಯಾನ್‌ಮ್ಯಾನ್‌ಸರ್ವರ್’ ಕೆಳಗಿನ ಪ್ಯಾರಾಮೀಟರ್ಸ್‌ನಲ್ಲಿ ‘ಡಿಸೇಬಲ್‌ಸ್ಟ್ರಿಕ್ಟ್‌ನೇಮ್‌ಚೆಕಿಂಗ್’ ಅನ್ನೋ ಡಿವರ್ಡ್ ಸೇರಿಸಿ 1 ಅಂತ ಬರೆದು ರೀಸ್ಟಾರ್ಟ್ ಮಾಡಿದರೆ ಅಡ್ಡಹೆಸರಿಗೂ ಉತ್ತರ ಕೊಡುತ್ತೆ.