ಹಲಗಲಿಯ ಬಂಡಾಯ: ಹಾಡಿದವರು, ಬರೆದವರು, ಇನ್ನೂ ಕೇಳಬೇಕಾದವರು

1857ರ ನವೆಂಬರ್ ಕೊನೆಗೆ ಮುಧೋಳ ಸಂಸ್ಥಾನದ ಹಲಗಲಿ ಹತ್ತಿ ಉರಿಯಿತು. ಊರಿನ ಬೇಡರು ಹತಾರ ಕೊಡಲು ಒಪ್ಪಿರಲಿಲ್ಲ. ಅದೇ ವರ್ಷ ಬಂದ ನಿಶ್ಶಸ್ತ್ರೀಕರಣ ಕಾಯಿದೆಯ ಪ್ರಕಾರ ಕತ್ತಿ, ಬಂದೂಕುಗಳನ್ನು ಸರಕಾರಕ್ಕೆ ಒಪ್ಪಿಸಬೇಕಿತ್ತು. ಬೇಟೆ ಮತ್ತು ಕಾವಲಿನಿಂದ ಬದುಕುತ್ತಿದ್ದ ಬೇಡರಿಗೆ ಹತಾರವೆಂದರೆ ಅನ್ನವೂ ಹೌದು, ಮಾನವೂ ಹೌದು. ಬ್ರಿಟಿಷ್ ದಂಡು ರಾತ್ರೋರಾತ್ರಿ ಹಳ್ಳಿಯನ್ನು ಮುತ್ತಿತು, ಮನೆಗಳಿಗೆ ಬೆಂಕಿ ಇಟ್ಟಿತು. ಸೆರೆಯಾದವರಲ್ಲಿ 19 ಜನರನ್ನು ಡಿಸೆಂಬರ್‌ನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಗಲ್ಲಿಗೇರಿಸಿದರು.

ಈ ಘಟನೆಯ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಯಾರ ಯಾರ ಕೈದಾಟಿ ಬಂತು, ಯಾವುದು ಉಳಿಯಿತು, ಯಾವುದು ಬಿಟ್ಟುಹೋಯಿತು ಎಂಬುದನ್ನು ನೋಡುವುದು ಈ ಲೇಖನದ ಉದ್ದೇಶ. ಬನಹಟ್ಟಿ, ಜಮಖಂಡಿ, ಮುಧೋಳ, ಬೀಳಗಿಯ ಕಡೆಯವರಾದ ನಮಗೆ ಇದು ಮನೆಯಂಗಳದ ಸಂಗತಿ. ಆದರೂ ಇದರ ಜತೆಗಿಟ್ಟು ಓದಲು ನಾನು ಆರಿಸಿಕೊಂಡದ್ದು ದೂರದ ಐರ್ಲೆಂಡನ್ನು. ಸೋತ ಬಂಡಾಯಗಳ ನೆನಪನ್ನು ಜನರ ಬಾಯಿಂದಲೇ ದಾಖಲಿಸುವ ಕೆಲಸವನ್ನು ಆ ನಾಡಿನಷ್ಟು ಶ್ರದ್ಧೆಯಿಂದ ಮಾಡಿದ ನಾಡುಗಳು ಕಡಿಮೆ. ಹೋಲಿಕೆಗೆ ಗಟ್ಟಿ ಆಧಾರವೂ ಇದೆ. 1797ರಲ್ಲಿ ಜನರಲ್ ಲೇಕ್ ಉತ್ತರದ ಅಲ್ಸ್ಟರ್ ಪ್ರಾಂತ್ಯದಲ್ಲಿ ಮನೆಮನೆ ಹೊಕ್ಕು ಆಯುಧ ಕಸಿದ, ಮನೆಗಳನ್ನು ಸುಡಿಸಿದ. ಮರುವರ್ಷವೇ, 1798ರಲ್ಲಿ, ಐರಿಶ್ ಬಂಡಾಯ ಸಿಡಿಯಿತು. ಹತಾರ ಕೇಳಿದ ಸರಕಾರ, ಕೊಡದ ಊರು, ಬೆಂಕಿ, ಗಲ್ಲು, ಆಮೇಲೆ ಹಾಡು: ಎರಡೂ ಕಡೆ ಕ್ರಮ ಇದೇ.

ಹಲಗಲಿಯ ವಿಷಯದಲ್ಲಿ ಮೊದಲು ಹುಟ್ಟಿದ್ದು ಎರಡು ಬಗೆಯ ದಾಖಲೆ. ಒಂದು ಸರಕಾರಿ ಕಾಗದ. ಬೆಳಗಾವಿಯಲ್ಲಿದ್ದ ಸೀಟನ್ ಕಾರ್, ಸೈನ್ಯ ನಡೆಸಿದ ಮಾಲ್ಕಂ, ಕುದುರೆ ದಂಡಿನ ಕೆರ್ ಇಂಥವರ ಹೆಸರುಗಳು ಅದರಲ್ಲಿವೆ. ಬೇಡರು ಅಲ್ಲಿ ದಂಗೆಕೋರರು, ಎಣಿಕೆಗೆ ಸಿಗುವ ಸೆರೆಯಾಳುಗಳು. ಇನ್ನೊಂದು ಲಾವಣಿ. ಅದು ಪೂಜೇರಿ ಹನುಮ, ಬಾಲ, ಜಡಗ, ರಾಮ ಎಂದು ಹೆಸರು ಹಿಡಿದು ಹೇಳುತ್ತದೆ. ದಂಡಿನವರು ಸೂರೆ ಹೊಡೆದದ್ದನ್ನು ಹಾಲು, ತುಪ್ಪ, ಅರಿಷಿಣದಿಂದ ಹಿಡಿದು ಮಂಗಳಸೂತ್ರ, ಬೀಸುಕಲ್ಲಿನವರೆಗೆ ಒಂದೊಂದಾಗಿ ಪಟ್ಟಿ ಮಾಡುತ್ತದೆ. ಯಾವ ಅಧಿಕಾರಿಯೂ ವರದಿಯಲ್ಲಿ ಬೀಸುಕಲ್ಲನ್ನು ಬರೆಯುವುದಿಲ್ಲ. ಒಂದು ಸಂಸಾರ ಹೇಗೆ ಬರಿದಾಯಿತು ಎಂಬುದು ಹಾಡುಗಾರನಿಗೆ ಮುಖ್ಯ, ಸರಕಾರಕ್ಕೆ ಮುಖ್ಯವಲ್ಲ. ಅದಕ್ಕೇ ಇಬ್ಬರಲ್ಲಿ ಹಾಡುಗಾರನನ್ನೇ ನಾನು ಹೆಚ್ಚು ನಂಬಿಕಸ್ತ ಸಾಕ್ಷಿಯೆಂದು ಎಣಿಸುತ್ತೇನೆ. ಆದರೆ ಲಾವಣಿಯ ಅಂಕಿತ ಇರುವುದು ಕುರ್ತಕೋಟಿಯ ಕಲ್ಮೇಶನ ಹೆಸರಿನಲ್ಲಿ. ಕುರ್ತಕೋಟಿ ಗದಗಿನ ಕಡೆಯ ಊರು. ಹಾಗಾಗಿ ಇದನ್ನು ಹಲಗಲಿಯವರೇ ಹೇಳಿಕೊಂಡ ಕಥೆ ಎಂದುಕೊಳ್ಳುವ ಮುನ್ನ ತಡೆಯಬೇಕು. ಸುದ್ದಿ ಊರೂರು ದಾಟಿ, ದಪ್ಪು ತುಂತುಣಿಯ ಮೇಳಗಳನ್ನು ಸೇರಿ, ಬೇರೆ ಊರಿನ ಕವಿಯ ಬಾಯಲ್ಲಿ ಪದವಾಗಿರಬೇಕು.

ಈ ಲಾವಣಿಯನ್ನು ಅಚ್ಚಿಗೆ ತಂದವನು ಜಾನ್ ಫೇತ್‌ಫುಲ್ ಫ್ಲೀಟ್. ಕನ್ನಡ ಶಾಸನಗಳ ವಿದ್ವಾಂಸ, ಮುಂಬೈ ಇಲಾಖೆಯ ಅಧಿಕಾರಿ. 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಆತ ಕನ್ನಡ ಲಾವಣಿಗಳ ಸಂಗ್ರಹ ಪ್ರಕಟಿಸಿದ. ಸಂಗೊಳ್ಳಿ ರಾಯಣ್ಣನ ಪದ, ಸಂಗ್ಯಾನ ಪದಗಳ ಜತೆ ಹಲಗಲಿಯ ಪದವೂ ಅಲ್ಲಿತ್ತು. ಊರು ಸುಟ್ಟ ಸರಕಾರದ ನೌಕರನೇ ಆ ಊರಿನ ಹಾಡನ್ನು ಕಾಪಾಡಿದ. ಆ ಋಣವನ್ನು ಒಪ್ಪಬೇಕು. ಹಾಡಿದವನ ಬದುಕಿನ ಬಗ್ಗೆ ವಿಚಾರಿಸಿಕೊಂಡು ಬರೆಯುವುದು ಆ ಕಾಲದ ವಿದ್ವಾಂಸರ ರೂಢಿಯಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಐರ್ಲೆಂಡಿನಲ್ಲಿ ಅದಕ್ಕಿಂತ ನಾಲ್ಕು ದಶಕ ಮೊದಲೇ, 1842ರಿಂದ, ರಿಚರ್ಡ್ ಮ್ಯಾಡನ್ ಎಂಬ ವೈದ್ಯ 1798ರ ಬಂಡಾಯಗಾರರ ಚರಿತ್ರೆಯನ್ನು ಸಂಪುಟಗಳಾಗಿ ಹೊರತರತೊಡಗಿದ್ದ. ಬದುಕುಳಿದವರನ್ನು, ಸತ್ತವರ ಬಂಧುಗಳನ್ನು ಹುಡುಕಿ ಮಾತಾಡಿಸಿ ಬರೆದದ್ದು ಅದು. ನಮಗೆ ಅಂಥ ಮ್ಯಾಡನ್ ಸಿಗಲಿಲ್ಲ.

ಕನ್ನಡಿಗರೇ ಜನಪದದ ಕಡೆ ತಿರುಗಿದ್ದು 1930ರ ದಶಕದಲ್ಲಿ. ಇಂಡಿ ತಾಲೂಕಿನ ಹಲಸಂಗಿ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕೂಡಿ ದುಡಿದರು. 1931ರಲ್ಲಿ ‘ಗರತಿಯ ಹಾಡು’ ಬಂತು, ಮುಂದೆ ಲಾವಣಿಗಳ ಸಂಕಲನ ‘ಜೀವನ ಸಂಗೀತ’ವೂ ಬಂತು. ಆಮೇಲೆ ಬಿ.ಎಸ್. ಗದ್ದಗಿಮಠರು ಜನಪದ ಗೀತೆಗಳನ್ನು ವಿಶ್ವವಿದ್ಯಾಲಯದ ಸಂಶೋಧನೆಯ ವಿಷಯವನ್ನಾಗಿ ಮಾಡಿದರು. ಅವರ ‘ಕನ್ನಡ ಜನಪದ ಗೀತೆಗಳು’ ಸಂಪಾದನೆಯಿಂದಲೇ ಹಲಗಲಿಯ ಲಾವಣಿ ಹತ್ತನೆಯ ತರಗತಿಯ ಪಠ್ಯಕ್ಕೆ ಬಂದದ್ದು. ಮಂಡ್ಯದ, ಮಂಗಳೂರಿನ ಮಕ್ಕಳೂ ಹನುಮ, ಜಡಗರ ಹೆಸರು ಕಲಿತರು.

ಇತಿಹಾಸಕಾರರ ದಾರಿ ಬೇರೆಯಾಯಿತು. 1957ರಲ್ಲಿ ಶತಮಾನೋತ್ಸವದ ಹೊತ್ತಿಗೆ ದೇಶದಲ್ಲೆಲ್ಲ 1857ರ ಚರ್ಚೆ. ಸುರೇಂದ್ರನಾಥ ಸೇನ್, ಆರ್.ಸಿ. ಮಜುಂದಾರ್ ಅದೇ ವರ್ಷ ಬರೆದರು. ಮುಂಬೈ ಸರಕಾರ ತನ್ನ ಕಡತಗಳಿಂದ ಸ್ವಾತಂತ್ರ್ಯ ಚಳವಳಿಯ ಆಕರ ಸಂಪುಟವನ್ನು ಹೊರತಂದಿತು. 1962ರಲ್ಲಿ ಎಂ.ವಿ. ಕೃಷ್ಣರಾವ್ ಮತ್ತು ಜಿ.ಎಸ್. ಹಾಲಪ್ಪ ಅವರ ಕರ್ನಾಟಕ ಸ್ವಾತಂತ್ರ್ಯ ಚಳವಳಿಯ ಇತಿಹಾಸದ ಮೊದಲ ಸಂಪುಟ ಬಂತು. ಹಲಗಲಿ ಈಗ ನರಗುಂದದ ಬಾಬಾಸಾಹೇಬ, ಮುಂಡರಗಿಯ ಭೀಮರಾಯರ ಸಾಲಿನಲ್ಲಿ ನಿಂತಿತು. ಈ ಗೌರವ ಸಲ್ಲಬೇಕಾದದ್ದೇ. ಆದರೆ ಅದೇ ಹೊತ್ತಿಗೆ ಏನೋ ಕಳೆದುಹೋಯಿತು ಎಂದು ನನಗನಿಸುತ್ತದೆ. ಬಾಬಾಸಾಹೇಬ ಸಂಸ್ಥಾನಿಕ. ದತ್ತಕದ ಹಕ್ಕು ಅವನ ಪ್ರಶ್ನೆಯಾಗಿತ್ತು. ಹಲಗಲಿಯವರಿಗೆ ರಾಜ್ಯವಿರಲಿಲ್ಲ, ಮೇಲಿದ್ದ ಮುಧೋಳದ ಘೋರ್ಪಡೆ ಅರಸರ ಬೆಂಬಲವೂ ಇರಲಿಲ್ಲ. ಸೊಂಟದ ಕತ್ತಿಗಾಗಿ ಸತ್ತವರನ್ನು ರಾಷ್ಟ್ರದ ಕಥೆಯೊಳಗೆ ಸೇರಿಸುವಾಗ ಅವರ ಸಿಟ್ಟು ಯಾವುದರ ಮೇಲಿತ್ತು ಎಂಬ ಪ್ರಶ್ನೆ ಹಿಂದೆ ಸರಿಯಿತು.

ಐರ್ಲೆಂಡಿನಲ್ಲಿ ಇದೇ ಪ್ರಶ್ನೆ ದೊಡ್ಡ ಜಗಳವೇ ಆಯಿತು. 1938ರಲ್ಲಿ ಮೂಡಿ ಮತ್ತು ಡಡ್ಲಿ ಎಡ್ವರ್ಡ್ಸ್ ‘ಐರಿಶ್ ಹಿಸ್ಟಾರಿಕಲ್ ಸ್ಟಡೀಸ್’ ಪತ್ರಿಕೆ ಆರಂಭಿಸಿ, ವೀರಗಾಥೆಯಿಂದ ಇತಿಹಾಸವನ್ನು ಬಿಡಿಸಿಕೊಳ್ಳಬೇಕೆಂದರು. ಬ್ರೆಂಡನ್ ಬ್ರಾಡ್‌ಷಾ 1989ರಲ್ಲಿ ತಿರುಗಿಬಿದ್ದರು: ಹಾಗೆ ಬಿಡಿಸುವಾಗ ಜನ ಪಟ್ಟ ನೋವನ್ನೂ ಒರೆಸಿಹಾಕಿದಿರಿ ಎಂಬುದು ಅವರ ಆಕ್ಷೇಪ. ಪುರಾಣಕ್ಕೂ ಇದರಲ್ಲಿ ಪಾತ್ರವಿತ್ತು. 1916ರ ಬಂಡಾಯದ ಸ್ಮಾರಕವಾಗಿ ಡಬ್ಲಿನ್ನಿನ ಅಂಚೆ ಕಚೇರಿಯಲ್ಲಿ 1935ರಲ್ಲಿ ನಿಲ್ಲಿಸಿದ್ದು ಪುರಾಣವೀರ ಕುಖುಲಿನ್ನನ ಸಾವಿನ ಶಿಲ್ಪ. ಮುಂದೆ ಬೆಲ್‌ಫಾಸ್ಟಿನಲ್ಲಿ ಬ್ರಿಟನ್ ಪರ ಗುಂಪುಗಳೂ ಅದೇ ವೀರನನ್ನು ಅಲ್ಸ್ಟರಿನ ಕಾವಲುಗಾರನೆಂದು ಗೋಡೆಗಳ ಮೇಲೆ ಬರೆಸಿಕೊಂಡವು. ನಮ್ಮಲ್ಲಿ ಜಡಗಣ್ಣ, ಬಾಲಣ್ಣರು ವಾಲ್ಮೀಕಿ ನಾಯಕ ಸಮಾಜದ ಹೆಮ್ಮೆಯ ಹಿರಿಯರು. ಬೇಡರು ತಮ್ಮ ಇತಿಹಾಸವನ್ನು ತಾವೇ ಬರೆದುಕೊಳ್ಳುವ ಹಂಬಲ ಇಂದು ಗಟ್ಟಿಯಾಗಿದೆ. ಇಡೀ ಕ್ಷೇತ್ರದಲ್ಲಿ ಅದಕ್ಕಿಂತ ಒಳ್ಳೆಯ ಬೆಳವಣಿಗೆ ನನಗೆ ಕಾಣುವುದಿಲ್ಲ.

ಇನ್ನೂ ಆಗದ ಕೆಲಸವೊಂದಿದೆ. 1935ರಲ್ಲಿ ಸ್ಥಾಪನೆಯಾದ ಐರಿಶ್ ಜನಪದ ಆಯೋಗ, 1937ರಿಂದ 1939ರವರೆಗೆ ಶಾಲಾ ಮಕ್ಕಳ ಕೈಗೆ ನೋಟುಬುಕ್ಕು ಕೊಟ್ಟಿತು. ಸುಮಾರು 5,000 ಶಾಲೆಗಳ 50,000 ಮಕ್ಕಳು ಅಜ್ಜ ಅಜ್ಜಿಯರನ್ನು ಕೇಳಿ ಬರೆದು ತಂದರು. ದೇಶ ವಿಭಜನೆಯಾಗಿದ್ದರಿಂದ ಉತ್ತರದ ಆರು ಜಿಲ್ಲೆಗಳು ಅದರಲ್ಲಿ ಸೇರಲಿಲ್ಲ. ಆ ಆಯೋಗದ ಸಂಗ್ರಹವನ್ನು ಬಳಸಿಯೇ ಗೈ ಬೈನರ್ 2007ರಲ್ಲಿ 1798ರ ಜನಸ್ಮೃತಿಯ ಇತಿಹಾಸ ಬರೆದರು. 2018ರ ಇನ್ನೊಂದು ಪುಸ್ತಕದಲ್ಲಿ ಅವರು ಅಲ್ಸ್ಟರಿನ ಮೌನವನ್ನು ಹಿಡಿದರು. ಅಲ್ಲಿ ಬಂಡೆದ್ದವರ ಮೊಮ್ಮಕ್ಕಳು ಸರಕಾರದ ಪಕ್ಷಕ್ಕೆ ಹೋದರು. ಬೀದಿಯಲ್ಲಿ ಹಳೆಯದನ್ನು ಆಡಲಿಲ್ಲ, ಮನೆಯೊಳಗೆ ಮಾತ್ರ ಮರೆಯಲಿಲ್ಲ.

ಹಲಗಲಿಯಲ್ಲೂ ಅಂಥ ಮನೆಮಾತು ಇದ್ದೀತು. ಗಲ್ಲಿಗೇರಿದವರ ಮನೆಯ ಹೆಂಗಸರು ಆಮೇಲೆ ಏನು ಮಾಡಿ ಬದುಕಿದರು? ಯಾವ ಊರಿನ ಬಂಧುಗಳು ಒಳಗೆ ಕರೆದುಕೊಂಡರು, ಯಾರು ಕದ ಹಾಕಿಕೊಂಡರು? ಮನೆ ಮತ್ತೆ ಕಟ್ಟಿದ್ದು ಯಾವಾಗ? ಕುಟ್ಟುವ ಬೀಸುವ ಪದಗಳಲ್ಲಿ ಆ ವರ್ಷದ ಸುಳಿವು ಇದೆಯೇ? ಹತ್ತನೆಯ ತರಗತಿಯಲ್ಲಿ ಈ ಲಾವಣಿಯನ್ನು ಬಾಯಿಪಾಠ ಮಾಡುವ ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಯ ಮಕ್ಕಳಿಗೆ ಹಲಗಲಿ ಬಸ್ಸಿನಲ್ಲಿ ಹೋಗಿಬರಬಹುದಾದ ಊರು. ಪದ್ಯದ ಸಾರಾಂಶ ಬರೆಸುವ ಬದಲು ಈ ನಾಲ್ಕು ತಾಲೂಕುಗಳ ಶಿಕ್ಷಕರು ಒಂದು ವರ್ಷ ಈ ಪ್ರಶ್ನೆಗಳನ್ನು ಅವರ ಕೈಗೆ ಕೊಟ್ಟು, ಬಂದ ಉತ್ತರಗಳನ್ನು ಹೇಳಿದವರ ಒಪ್ಪಿಗೆಯಿಂದ ಒಂದೆಡೆ ಕೂಡಿಡಲಿ.