ತಣ್ಣೀರುಬಾವಿ: ಒಂದು ಹೆಸರಿನ ಚರಿತ್ರೆ

ಚರಿತ್ರೆ ಅಂದ ಕೂಡಲೆ ನಮ್ಮ ಪಠ್ಯಪುಸ್ತಕಗಳಿಗೆ ಕೋಟೆ, ಸಿಂಹಾಸನಗಳೇ ಕಾಣುತ್ತವೆ. ಮಂಗಳೂರಿನ ಬೋಳೂರಿನಲ್ಲಿ, ಗುರುಪುರ ಹೊಳೆಯ ದಂಡೆಗೆ, ಟಿಪ್ಪು 1784ರಲ್ಲಿ ಕಟ್ಟಿಸಿದ ಕಾವಲುಗೋಪುರ ಇದೆ. ಹೆಸರು ಸುಲ್ತಾನ್ ಬತ್ತೇರಿ. ಹೊಳೆ ದಾಟಿದರೆ ಸಿಗುವ ನೆಲದ ಹೆಸರು ತಣ್ಣೀರುಬಾವಿ. ಈ ದಂಡೆಯಲ್ಲಿ ದೊರೆಯ ಹೆಸರು, ಆ ದಂಡೆಯಲ್ಲಿ ಬಾವಿಯ ಹೆಸರು.

ಆ ನೆಲ ನೋಡಿ. ಪಶ್ಚಿಮಕ್ಕೆ ಅರಬ್ಬೀ ಕಡಲು, ಪೂರ್ವಕ್ಕೆ ಹೊಳೆ, ದಕ್ಷಿಣದ ತುದಿಯಲ್ಲಿ ನೇತ್ರಾವತಿ, ಗುರುಪುರ ಎರಡೂ ಕಡಲು ಸೇರುವ ಅಳಿವೆ. ಉತ್ತರದಲ್ಲಿ ಪಣಂಬೂರಿನ ಕಡೆ ಮಾತ್ರ ನೆಲದ ನಂಟು. ಹೊಳೆ ತಂದ ಮರಳನ್ನು ಅಲೆ ದಡಕ್ಕೆ ತಳ್ಳಿ ತಳ್ಳಿ ಕಟ್ಟಿದ ಪಟ್ಟಿ ಇದು. ಇಂಥ ನೆಲಕ್ಕೆ ಕರಾವಳಿಯ ಜನ ಬೆಂಗ್ರೆ ಅಂತಾರೆ. ಇದರ ದಕ್ಷಿಣಕ್ಕೆ ತೋಟ ಬೆಂಗ್ರೆ, ಕಸಬಾ ಬೆಂಗ್ರೆ. ಉಡುಪಿ ಕಡೆ ಸ್ವರ್ಣಾ ನದಿಯ ಅಳಿವೆಯಲ್ಲಿ ಕೋಡಿಬೆಂಗ್ರೆ. ಇಲ್ಲಿ ಬಲೆ ಬೀಸಿ ಬದುಕಿದವರು ಮೊಗವೀರರು, ಬ್ಯಾರಿಗಳು.

ಮೂರು ಕಡೆ ಉಪ್ಪುನೀರು, ನಡುವೆ ಸಿಹಿನೀರಿನ ಬಾವಿ ಹೇಗೆ? ಮರಳಿಗಿಳಿದ ಮಳೆನೀರು ಉಪ್ಪುನೀರಿಗಿಂತ ಹಗುರ; ಅದರ ಮೇಲೇ ತೇಲಿ ನಿಲ್ಲುತ್ತದೆ. ತೀರಾ ಆಳ ತೋಡಿದರೆ, ಮಿತಿಮೀರಿ ಸೇದಿದರೆ ಉಪ್ಪು ಮೇಲೇಳುತ್ತದೆ. ಇಂಥ ನೆಲದಲ್ಲಿ ಬಾವಿಯೇ ಊರಿನ ಹೆಸರಾದರೆ ಆಶ್ಚರ್ಯವೇನು? ಕುಡಿಯೋ ನೀರಿನ ಬೆಲೆ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1927ರಲ್ಲಿ ಮಹಾಡದ ಚವದಾರ ಕೆರೆಯ ನೀರು ಮುಟ್ಟೋದಕ್ಕೇ ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಮೆರವಣಿಗೆ ಹೋಗಬೇಕಾಯಿತು.

ಇನ್ನು ಸರ್ಕಾರ ಇಟ್ಟ ಹೆಸರು ನೋಡಿ. ಪಣಂಬೂರಿನ ನೆಲ ಅಗೆದು ಕಟ್ಟಿದ ದೊಡ್ಡ ಬಂದರು 1974ರಲ್ಲಿ ಶುರುವಾಯಿತು. ನೆಲ ಪಣಂಬೂರಿನದು, ಹೆಸರು ಮಾತ್ರ ನವಮಂಗಳೂರು ಬಂದರು. ಎಬ್ಬಿಸಲ್ಪಟ್ಟ ಜನಕ್ಕೆ ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ಜಾಗ ಕೊಟ್ಟರು. ಕಡಲು ಕೊಟ್ಟರೇ? ಅಲೆಯ ಸದ್ದು ಕೇಳಿ ಏಳುತ್ತಿದ್ದವರು ಗುಡ್ಡದ ಕಡೆ ಹೋದರು.

2001ರಲ್ಲಿ ಹೊಳೆಯ ಮೇಲೆ ತೇಲುವ ವಿದ್ಯುತ್ ಸ್ಥಾವರ ಬಂತು. ಕಂಪನಿ ತನಗೆ ಇಟ್ಟುಕೊಂಡದ್ದು ತಣ್ಣೀರುಬಾವಿಯ ಹೆಸರನ್ನೇ! 2010ರಲ್ಲಿ ಸ್ಥಾವರ ಆಂಧ್ರದ ಕಾಕಿನಾಡಕ್ಕೆ ಹೋಯಿತು. ಹೆಸರು ಇಲ್ಲೇ ಉಳಿಯಿತು, ಜನರ ಬಾಯಲ್ಲಿ.

ಹಳ್ಳಿಯ ಮೇಷ್ಟ್ರುಗಳಲ್ಲಿ ಒಂದು ಮಾತು. ನಿಮ್ಮೂರಿನ ಬಾವಿ, ಹಳ್ಳ, ದಿಣ್ಣೆ, ಕೇರಿಗಳನ್ನು ಮುದುಕ ಮುದುಕಿಯರು ಏನಂತ ಕರೀತಾರೆ ಅಂತ ಮಕ್ಕಳಿಂದ ಬರೆಸಿ. ಕಂದಾಯದ ಕಡತದಲ್ಲಿರೋ ಹೆಸರಿನ ಪಕ್ಕದಲ್ಲಿಟ್ಟು ನೋಡಿ. ಯಾರ ಹೆಸರು ಉಳಿದಿದೆ, ಯಾರದ್ದು ಅಳಿಸಿದೆ ಅಂತ ಮಕ್ಕಳೇ ಹೇಳ್ತಾರೆ.