ಬೆಂಗಳೂರಿನ ಹತ್ತಿರ ಅಲ್ಲ, ಶಿರಾ

 

ಷೆಂಗೆನ್ ವೀಸಾದ 90 ದಿನ ಪೂರ್ತಿ ಮುಗಿಸಿ, ಬೆನ್ನಿಗೊಂದು ಬ್ಯಾಗು ಹೊತ್ತು ಯೂರೋಪ್ ಸುತ್ತಿ ಬಂದೆ. ಹಾಸ್ಟೆಲ್‌ಗಳಲ್ಲಿ ದಿನಾ ಒಂದೇ ಪ್ರಶ್ನೆ: ಯಾವೂರು? ನನ್ನ ಉತ್ತರವೂ ಒಂದೇ: ಬೆಂಗಳೂರು. ನಮ್ಮೂರು ಶಿರಾ. ಆದ್ರೆ ಅದನ್ನ ಯಾರಿಗೆ ಅಂತ ವಿವರಿಸೋದು? ಅದೇ ರೂಮಲ್ಲಿದ್ದ ಸ್ಲೊವೇನಿಯಾದ ಹುಡುಗನೊಬ್ಬ ಮಾತ್ರ ಯಾರೂ ಕೇಳಿರದ ತನ್ನ ಹಳ್ಳಿ ಹೆಸರನ್ನೇ ಹೇಳಿ, ಮ್ಯಾಪ್ ತೆಗೆದು ತೋರಿಸಿದ. ನನಗೆ ಒಂಥರಾ ಆಯ್ತು.

ಊರಿಗೆ ಬಂದ ಮೇಲೆ ಓದ್ತಾ ಕೂತೆ. ಓದಿದಷ್ಟೂ ನಾಚಿಕೆ ಜಾಸ್ತಿ ಆಯ್ತು.

1687. ಔರಂಗಜೇಬನ ಸೇನಾಪತಿ ಖಾಸಿಂ ಖಾನ್ ಈ ಕಡೆ ಬಂದ. ಬೆಂಗಳೂರನ್ನ ಹಿಡಿದ. ಹಿಡಿದು ಏನು ಮಾಡಿದ ಗೊತ್ತಾ? 3 ಲಕ್ಷ ರೂಪಾಯಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಕೊಟ್ಟುಬಿಟ್ಟ. ತಾನು ಇಟ್ಕೊಂಡಿದ್ದು ಶಿರಾವನ್ನ. ಅದೇ ಸುಬಾದ ರಾಜಧಾನಿ ಆಯ್ತು. ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ, ಪೆನುಕೊಂಡ ಎಲ್ಲ ಅದರ ಪರಗಣಗಳು. ಅಂದ್ರೆ ನಾನು 'ಬೆಂಗಳೂರು' ಅಂತ ಸುಳ್ಳು ಹೇಳಿ ಬಚ್ಚಿಟ್ಟ ಊರಿನ ಮೊದಲ ಮೊಗಲ್ ಅಧಿಕಾರಿಯೇ ಬೆಂಗಳೂರನ್ನ ಮಾರಿದವನು!

ಇನ್ನೊಂದು ಕೇಳಿ. 1761ರಲ್ಲಿ ಹೈದರ್ ಅಲಿ ಕೈಯಲ್ಲಿ ಸೈನ್ಯ ಇತ್ತು, ಮೈಸೂರೂ ಇತ್ತು. ಇಲ್ಲದೇ ಇದ್ದಿದ್ದು ದೊಡ್ಡದೊಂದು ಬಿರುದು. ನಿಜಾಮನ ತಮ್ಮ ಬಸಾಲತ್ ಜಂಗ್‌ಗೆ 3 ಲಕ್ಷ ಕೊಡೋದಾಗಿ ಒಪ್ಪಿ 'ಶಿರಾದ ನವಾಬ' ಅನ್ನಿಸ್ಕೊಂಡ. ಆಗ ಶಿರಾ ಇನ್ನೂ ಮರಾಠರ ಕೈಲಿತ್ತು, ಆಮೇಲೆ ಗೆದ್ದುಕೊಂಡ. ಊರು ಕೈಗೆ ಬರೋ ಮೊದಲೇ ಅದರ ಹೆಸರಿಗೆ ದುಡ್ಡು ಕೊಡೋಕೆ ಆತ ತಯಾರಿದ್ದ. ಆ ಹೆಸರು ನನಗೆ ಹುಟ್ಟಿದಾಗಲೇ ಪುಕ್ಕಟೆ ಸಿಕ್ಕಿತ್ತು.

ಹಾಗಾದ್ರೆ ಆ ಶಿರಾ ಎಲ್ಲಿ ಹೋಯ್ತು? ದಿಲಾವರ್ ಖಾನನ ಕಾಲದಲ್ಲಿ ಇಲ್ಲಿ 50,000 ಮನೆ ಇದ್ದವು ಅಂತ ಹಳೇ ಗೆಜೆಟಿಯರ್ ಹೇಳುತ್ತೆ. ಅವನ ಅರಮನೆ ನೋಡಿಯೇ ಬೆಂಗಳೂರು, ಶ್ರೀರಂಗಪಟ್ಟಣದ ಅರಮನೆ ಕಟ್ಟಿದ್ದು, ಇಲ್ಲಿನ ಖಾನ್ ಬಾಗ್ ನೋಡಿಯೇ ಲಾಲ್‌ಬಾಗ್ ಮಾಡಿದ್ದು ಅಂತಾರೆ. ಮರಾಠರು, ಮೈಸೂರಿನವರು ಸರದಿ ಮೇಲೆ ಬಂದು ಹಿಡಿದ್ರು, ಬಿಟ್ರು. ಕೊನೆಗೆ ಟಿಪ್ಪು ಕಾಲದಲ್ಲಿ 12,000 ಕುಟುಂಬಗಳನ್ನ ಇಲ್ಲಿಂದ ಎಬ್ಬಿಸಿ, ಶ್ರೀರಂಗಪಟ್ಟಣದ ಪಕ್ಕ ಗಂಜಾಂ ತುಂಬಿಸೋಕೆ ಸಾಗಿಸಿದ್ರು. ಕೋಟೆ ಬಿದ್ರೆ ಮತ್ತೆ ಕಟ್ಟಬಹುದು. ನೇಯೋರು, ಕಟ್ಟೋರು, ಮಾರೋರು ಎಲ್ಲ ಗಾಡಿ ಹತ್ತಿ ಹೊರಟ್ರೆ?

ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ ಟಿಕೆಟ್ ತಗೊಂಡು ನಾನು ನೋಡಿದ್ದೂ ಹಾಳು ಕೋಟೆನೇ. ಫ್ರೆಂಚ್ ಸೈನ್ಯ 1689ರಲ್ಲಿ, ಮತ್ತೆ 1693ರಲ್ಲಿ ಒಡೆದು ಹಾಕಿದ್ದು, ಅಂದ್ರೆ ಬೆಂಗಳೂರು ಮಾರಾಟ ಆದ ಕಾಲದ ಆಸುಪಾಸು. ಊರಿನವರು ಅಲ್ಲಿನ ಕಲ್ಲು ಹೊತ್ಕೊಂಡು ಹೋಗಿ ಮನೆ ಕಟ್ಕೊಳ್ತಿದ್ರು (ಹೌದು, ಅಲ್ಲೂ!). ಅದನ್ನ ತಡೆಯೋಕೆ ಜೀವನ ಸವೆಸಿದವನು ಷಾರ್ಲ್ ದ ಗ್ರೆಂಬರ್ಗ್, ಅವನೂ ಫ್ರೆಂಚ್‌ನವನೇ. 'ಅವರ ರಕ್ತದಲ್ಲೇ ಇದೆ, ನಮ್ಮಲ್ಲಿಲ್ಲ' ಅನ್ನೋ ಮಾತನ್ನ ಅದಕ್ಕೇ ನಾನು ಒಪ್ಪಲ್ಲ. ಒಬ್ಬ ಹಟ ಹಿಡಿದ, ಅಷ್ಟೇ.

ಶಿರಾದಲ್ಲಿ ಆ ಅರಮನೆ ಈಗಿಲ್ಲ. ಆದ್ರೆ 1696ರ ಕಲ್ಲಿನ ಜುಮ್ಮಾ ಮಸೀದಿ ಇದೆ. ಅದಕ್ಕಿಂತ ಹಳೇದು, ಬಿಜಾಪುರದವರ ಕಾಲದ ಸುಬೇದಾರ ಮಲಿಕ್ ರೆಹಾನನ ಗೋರಿ. ಶಾಲೆಗೆ ಹೋಗುವಾಗ ಅದೆಷ್ಟು ಸಲ ಅದರ ಮುಂದೆನೇ ಸೈಕಲ್ ತುಳಿದಿದ್ದೀನೋ. ಮೊನ್ನೆ ಮೊದಲ ಸಲ ಒಳಗೆ ಹೋಗಿ, ಅರ್ಧ ಗಂಟೆ ಕೂತಿದ್ದೆ.

ಶಿರಾದವರದ್ದು ಮಾತ್ರ ಈ ಚಾಳಿ ಅಲ್ಲ. ಕೊರಟಗೆರೆ, ಮಧುಗಿರಿ, ಪಾವಗಡದ ಗೆಳೆಯರೂ ಹೊರಗೆ ಹೋದ್ರೆ 'ಬೆಂಗಳೂರು' ಅಂತಾನೇ ಅನ್ನೋದು. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಅನ್ನೋ ಸ್ಕಾಟ್‌ಲ್ಯಾಂಡ್ ವೈದ್ಯ ದೊಡ್ಡಬಳ್ಳಾಪುರದಿಂದ ಮಧುಗಿರಿ ಮೇಲೆ ಶಿರಾಕ್ಕೆ ಬಂದ. ಕಂಪನಿ ಸರ್ಕಾರದ ಲೆಕ್ಕಕ್ಕೇ ಬಂದವನು, ಪ್ರೀತಿಯಿಂದೇನಲ್ಲ. ಆದ್ರೂ ದಾರಿಯ ಪ್ರತಿ ಊರಿನ ಹೆಸರು ಕೇಳಿ ಬರ್ಕೊಂಡ, ಬೆಳೆ ಏನು ಅಂತ ಕೇಳಿದ, ಕಬ್ಬಿಣ ಕಾಯಿಸೋ ಕುಲುಮೆ ಹತ್ರ ನಿಂತ.

ಆ ಸ್ಲೊವೇನಿಯಾದ ಹುಡುಗ ಮೊನ್ನೆ ಮೆಸೇಜ್ ಮಾಡಿದ್ದ, ಬೆಂಗಳೂರಿಗೆ ಬಂದ್ರೆ ಸಿಗ್ತೀಯಾ ಅಂತ. ಶಿರಾದ ಲೊಕೇಶನ್ ಕಳಿಸಿದ್ದೀನಿ. ಮುಂದಿನ ಸಂಚಿಕೆಯಲ್ಲಿ ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗದ ಕಬ್ಬಿಣದ ಕಥೆ.